ಸಂಜೆಯಾದರೆ ಕೆಡುವ ಗಾಡಿಗಳ ಊರಿನ ಕಿತೇರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಏರಿಯ ಆಚೆ ನದಿ, ಈಚೆ ಉಪ್ಪುನೀರು ನಿಂತ ಗದ್ದೆ. ಏರಿಯ ಬುಡದಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಅರವತ್ತು ದಾಟಿದ ಹೆಂಗಸೊಬ್ಬರು, ಹೂವಿನ ಫ್ರಾಕಿನ ಮೇಲೆ ತೀರಿಹೋದ ಗಂಡನ ಖಾಕಿ ಅಂಗಿ ತೊಟ್ಟು, ಕುಕ್ಕರಗಾಲಲ್ಲಿ ಕೂತು, ಹಳೆಯ ಸ್ಕೂಟರಿನಿಂದ ಬಿಚ್ಚಿದ ಪೆಟ್ರೋಲ್ ಟ್ಯಾಂಕಿಗೆ ಮೈಸೋಪು ಉಜ್ಜುತ್ತಿದ್ದಾರೆ. ಇವರೇ ಕಿತೇರಿಬಾಯಿ. ಗೋವೆಯ ಈ ಮೂಲೆಯ ನಮ್ಮ ಖಾಜನ್‌ವಾಡೊದಲ್ಲಿ ಗಾಡಿ ಕೆಟ್ಟರೆ ಜನ ದೇವರನ್ನು ಕರೆಯುವುದು ಆಮೇಲೆ, ಮೊದಲು ಇವರನ್ನು.

"ಟ್ಯಾಂಕಿಗೆ ಸ್ನಾನವಾ?" ಎಂದು ನಾನು ಕೇಳುತ್ತೇನೆ.

"ಸೋರ್ತಾ ಇದೆ. ತೂತಿಗೆ ಸೋಪು ತುಂಬಿದ್ರೆ ಪೇಟೆ ತನಕ ಹೋಗುತ್ತೆ, ಆಮೇಲೆ ಬೆಸುಗೆ ಹಾಕಿಸ್ಕೊಳ್ಲಿ. ಅದ್ಸರಿ, ನೀನ್ಯಾಕೆ ನಡ್ಕೊಂಡು ಬಂದೆ ಬಾಬ್? ಗಾಡಿ ಎಲ್ಲಿ?"

"ನಿನ್ನೆ ಸಂಜೆಯಿಂದ ಮತ್ತೆ ಅದೇ ಕಾಯಿಲೆ. ಉಪ್ಪುಗಾಳಿ."

"ಹೂಂ. ಉಪ್ಪುಗಾಳಿ," ಎನ್ನುತ್ತಾರೆ ಕಿತೇರಿಬಾಯಿ, ತಲೆಯೆತ್ತದೆ.

ಈ ಕಾಯಿಲೆಯ ವಿಷಯ ಮೊದಲೇ ಹೇಳಿಬಿಡಬೇಕು. ನಮ್ಮೂರಿನ ಗಾಡಿಗಳು ಬೆಳಿಗ್ಗೆ ದೋಣಿಗಳು ತಂಗುವ ಮೀನುದಕ್ಕೆಗೆ ಹೊರಟಾಗ ಒಂದೇ ಒದೆತಕ್ಕೆ ಎದ್ದು ಓಡುತ್ತವೆ. ಸಂಜೆ ಏರಿಯ ಆ ತುದಿಯ ಫೆನಿಯಂಗಡಿಗೆ ಹೊರಟರೆ ಏಳುವುದಿಲ್ಲ. ಎಲ್ಲ ಸಂಜೆಯೂ ಅಲ್ಲ; ಶನಿವಾರ, ಹಬ್ಬದ ದಿನ, ಫುಟ್ಬಾಲಿನಲ್ಲಿ ನಮ್ಮವರು ಗೆದ್ದ ದಿನ, ಸೋತ ದಿನ. ಇದಕ್ಕೆ ಗಂಡಸರು ಕಾರಣ ಕಂಡುಹಿಡಿದಿದ್ದಾರೆ: ಸಂಜೆ ನದಿಯ ಕಡೆಯಿಂದ ಬೀಸುವ ಉಪ್ಪುಗಾಳಿ ಪ್ಲಗ್ಗಿಗೆ ಹಿಡಿಯುತ್ತದೆ. ಮದ್ದೂ ಮಾಡಿದ್ದಾರೆ. ಒಬ್ಬ ಮಧ್ಯಾಹ್ನವೇ ಇಂಜಿನ್ನಿಗೆ ಗೋಣಿಚೀಲ ಹೊದಿಸುತ್ತಾನೆ. ಇನ್ನೊಬ್ಬ ಗರಿಗಳ ಭಾನುವಾರ ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ತೆಂಗಿನ ಗರಿಯನ್ನು ಹೆಡ್‌ಲೈಟಿಗೆ ಸಿಕ್ಕಿಸಿದ್ದಾನೆ. ಕಾರವಾರ ಬಿಟ್ಟು ಬಂದು ಇಲ್ಲೇ ಬೇರೂರಿದ ನಾನೂ ಸುಮ್ಮನಿದ್ದವನಲ್ಲ. ತೇವ, ಲವಣ, ವಿದ್ಯುತ್ತು ಎಂದೆಲ್ಲ ಫೆನಿಯಂಗಡಿಯ ಬೆಂಚಿನ ಮೇಲೆ ಕೂತು ಪಾಠ ಹೇಳಿದ್ದೇನೆ. ಕೇಳಿದವರೆಲ್ಲ ಗಂಭೀರವಾಗಿ ತಲೆದೂಗಿದ್ದಾರೆ.

ಗಾಡಿ ಏಳದಿದ್ದರೆ ಏನು ಮಾಡುವುದು? ಎಲ್ಲರೂ ಶಪಿಸುತ್ತ ನಡೆದೇ ಹೋಗುತ್ತೇವೆ. ವಾಪಸು ಬರುವಾಗ ಒಬ್ಬರ ಹೆಗಲು ಇನ್ನೊಬ್ಬರು ಹಿಡಿದು, ಹಾಡುತ್ತ, ಎಡವುತ್ತ ಮನೆ ಸೇರುತ್ತೇವೆ. ಆ ಏರಿಗೆ ತಡೆಗೋಡೆ ಎಂಬುದಿಲ್ಲ. ನಡುವೆ ಒಂದು ಕಡೆ ಮಳೆಗಾಲದ ನೀರು ಅರ್ಧ ಏರಿಯನ್ನೇ ಕೊಚ್ಚಿಕೊಂಡು ಹೋಗಿದೆ. ಉಳಿದಿರುವುದು ಒಂದು ಬೈಕು ಹುಷಾರಾಗಿ ದಾಟುವಷ್ಟೇ ಅಗಲ. ಕಾರು, ವ್ಯಾನು ಯಾವುದೂ ಈಚೆ ಬರುವುದಿಲ್ಲ.

ಕಿತೇರಿಬಾಯಿಯ ಗಂಡ ಕಾಯ್ತಾನ್ ಗಾಡಿ ಸಮೇತ ನದಿಗೆ ಬಿದ್ದು ಹೋದದ್ದು ಅದೇ ಜಾಗದಲ್ಲಿ. ಊರಿನ ಮೆಕ್ಯಾನಿಕ್ ಅವನೇ ಆಗಿದ್ದ. ಕಿತೇರಿಬಾಯಿ ಪಾನಾ ಎತ್ತಿಕೊಡುತ್ತ, ಟಾರ್ಚು ಹಿಡಿಯುತ್ತ ಕೆಲಸ ಕಲಿತರು. ಆ ದಿನದ ಕತೆಯನ್ನು ಅವರು ಸೋಪು ಉಜ್ಜುತ್ತಲೇ ಹೇಳುತ್ತಾರೆ.

"ಇಗರ್ಜಿ ಹಬ್ಬ, ಫೆಸ್ತಿನ ದಿನ ಅದು, ಚೆನ್ನಾಗಿ ಕುಡಿದಿದ್ದ. ಸಂಜೆ ಮತ್ತೆ ಹೊರಟ. ಗಾಡಿ ಏಳ್ಲಿಲ್ಲ. ಅವನ ಕೈ ನಡುಗ್ತಿತ್ತು, ಪ್ಲಗ್ಗು ಬಿಚ್ಚೋಕೆ ಆಗ್ಲಿಲ್ಲ. ನಾನೇ ಬಿಚ್ಚಿದೆ. ಮರಳು ಕಾಗದದಲ್ಲಿ ಉಜ್ಜಿ ಹಾಕಿದೆ. ಒಂದೇ ಕಿಕ್ಕಿಗೆ ಎದ್ದಿತು. 'ಶಾಭಾಸ್ ಕಿತೇರಿ' ಅಂದ. ಅದೇ ನನ್ನ ಮೊದಲನೇ ರಿಪೇರಿ ಬಾಬ್. ಅವನ ಕೊನೇ ಮಾತೂ ಅದೇ."

ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ಈ ಮಾತು ನನಗೆ ಗೊತ್ತಿರಲಿಲ್ಲ. ಇಗರ್ಜಿಯಲ್ಲಿ ಸಂಜೆಯ ಗಂಟೆ ಹೊಡೆದ ಮೇಲೆ ಕಿತೇರಿಬಾಯಿ ಪಾನಾ ಮುಟ್ಟುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಗಂಡನ ನೆನಪಿಗೆ ಹಿಡಿದ ವ್ರತ ಎಂದುಕೊಂಡು ಗಂಡಸರು ಯಾರೂ ಒತ್ತಾಯ ಮಾಡುವುದಿಲ್ಲ.

ಅವರ ಹೆಸರು ಸ್ವಲ್ಪವಾದರೂ ಹೊರಗೆ ಹೋಗಿದ್ದರೆ ಅದು ಭಾನುವಾರದ ಪಾಠದಿಂದ. ಪೂಜೆ ಮುಗಿಸಿ ಬಂದ ಹೆಂಗಸರು, ಇಗರ್ಜಿಯ ಬಟ್ಟೆಯ ಮೇಲೆ ಹಳೇ ಅಂಗಿ ಏರಿಸಿಕೊಂಡು ಶೆಡ್ಡಿನಲ್ಲಿ ಸೇರುತ್ತಾರೆ. ನನ್ನ ಹೆಂಡತಿ ನಾಗವೇಣಿಯೂ ಹೋಗುತ್ತಾಳೆ. ಪಂಕ್ಚರ್ ಹಾಕುವುದು, ಸಡಿಲಾದ ಚೈನು ಬಿಗಿ ಮಾಡುವುದು, ಬ್ಯಾಟರಿಯ ತುದಿಗೆ ಕೂತ ಬಿಳಿ ಹುಡಿಯನ್ನು ಬಿಸಿನೀರು ಹೊಯ್ದು ತೆಗೆಯುವುದು, ಕ್ಲಚ್ ತಂತಿ ಕಿತ್ತುಹೋದರೂ ಗಾಡಿಯನ್ನು ಮನೆ ಮುಟ್ಟಿಸುವುದು. ಏಳದ ಗಾಡಿಗೆ ಕಿತೇರಿಬಾಯಿ ಕಲಿಸುವುದು ಮೂರೇ ಪ್ರಶ್ನೆ.

"ಗಾಡಿನ ಬೈಬೇಡಿ, ಒದೀಬೇಡಿ. ಮಗು ಅತ್ತರೆ ಏನು ಕೇಳ್ತೀರಿ? ಹಾಗೇ ಕೇಳಿ. ಊಟ ಸಿಕ್ಕಿದ್ಯಾ? ಅಂದ್ರೆ ಪೆಟ್ರೋಲು. ಕಿಡಿ ಇದ್ಯಾ? ಅಂದ್ರೆ ಪ್ಲಗ್ಗು. ಉಸಿರಾಡ್ತಿದ್ಯಾ? ಅಂದ್ರೆ ಗಾಳಿ ಒಳಗೆ ಹೋಗ್ಬೇಕು, ಹೊಗೆ ಹೊರಗೆ ಬರ್ಬೇಕು. ಮೂರೂ ಇದ್ದು ಏಳದ ಗಾಡಿ ಈ ಭೂಮಿ ಮೇಲಿಲ್ಲ."

ಹೆಂಡತಿಯರು ಹೀಗೆ ಕಲಿತದ್ದು ಗಂಡಸರಿಗೆ ಬಲು ಹೆಮ್ಮೆ. ಕಲಿತ ಮೇಲೆ ತಾವು ಪಾನಾ ಮುಟ್ಟುವ ಕಷ್ಟವೂ ತಪ್ಪಿತು. ಸಂಜೆ ಏಳದ ಗಾಡಿಯನ್ನು ಬೆಳಿಗ್ಗೆ ಹೆಂಡತಿಯೇ ಸರಿಮಾಡಿ ನಿಲ್ಲಿಸಿರುತ್ತಾಳೆ. ಪತ್ರಿಕೆಯ ನನ್ನ ಅಂಕಣಕ್ಕೆ ನಾನು ಬರೆಯಬೇಕೆಂದಿದ್ದದ್ದು ಇಷ್ಟೇ: ಒಬ್ಬ ವಿಧವೆ, ಒಂದು ಶೆಡ್ಡು, ಊರಿನ ಹೆಂಗಸರಿಗೆಲ್ಲ ವಿದ್ಯೆ. ಕೊನೆಗೊಂದು ಒಳ್ಳೆಯ ಮಾತು ಸಿಕ್ಕಿದರೆ ಲೇಖನ ಮುಗಿಯಿತು.

ಅಷ್ಟರಲ್ಲಿ ಅಪೊಲಿನ್ ಓಡಿ ಬರುತ್ತಾಳೆ. ಬೊಸ್ತ್ಯಾಂವ್‌ನ ಹೆಂಡತಿ. ಅವನು ಗದ್ದೆಗೆ ನೀರು ಬಿಡುವ ತೂಬನ್ನು ಕಾಯುವವನು, ಮನೆ ನಾಲ್ಕು ಹೆಜ್ಜೆ ಆಚೆ. ಕೂದಲು ಕೆದರಿದೆ, ಕಾಲಲ್ಲಿ ಚಪ್ಪಲಿ ಇಲ್ಲ.

"ಕಿತೇರಿಬಾಯ್! ಇವರಿಗೆ ಹಾವು ಕಚ್ಚಿದೆ. ತೂಬಿನ ಹತ್ರ. ಕೊಳಕುಮಂಡಲ. ಆಂಬುಲೆನ್ಸಿಗೆ ಫೋನು ಮಾಡಿದೆ, ಏರಿಯ ಆ ತುದಿ ಶಿಲುಬೆ ಹತ್ರ ಬಂದು ನಿಲ್ತಾರಂತೆ. ಅಲ್ಲೀತನಕ ನಾವೇ ತರ್ಬೇಕು. ಗಾಡಿ ಏಳ್ತಾ ಇಲ್ಲ!"

ಕಿತೇರಿಬಾಯಿ ಆಗಲೇ ಎದ್ದು ನಿಂತಿದ್ದಾರೆ. "ನೀನು ಹಾಕಿದ್ದು ತೆಗೆದ್ಯಾ?"

"ತೆಗೆದೆ! ಪ್ಲಗ್ ಕ್ಯಾಪೊಳಗಿನ ರಬ್ಬರ್ ತುಂಡು ತೆಗೆದೆ, ಕ್ಯಾಪು ವಾಪಸ್ ಹಾಕಿದೆ. ಆದ್ರೂ ಏಳ್ತಾ ಇಲ್ಲ. ನಾನೇ ಇಟ್ಟಿದ್ದು, ನಾನೇ ತೆಗೆದಿದ್ದು, ಸಾಯ್ಬಾ ಭೊಗೊಸ್, ಬೇರೇನೂ ಮಾಡ್ಲಿಲ್ಲ ನಾನು!"

ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು. ಇಲ್ಲಿ ದಿಗಿಲಾದವರ ಬಾಯಲ್ಲಿ ಮೊದಲು ಬರುವ ಮಾತು. ಅಪೊಲಿನ್ ಏನು ಹೇಳಿದಳು ಎಂಬುದು ನನ್ನ ಕಿವಿಗೆ ಬಿದ್ದು, ತಲೆಗೆ ಹೋಗಿ, ಅಲ್ಲಿಂದ ಎದೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಸ್ವಂತ ಗಂಡನ ಗಾಡಿಯನ್ನು ಈಕೆ ಸ್ವಂತ ಕೈಯಿಂದ ಕೆಡಿಸಿದ್ದಾಳೆ. ಅದನ್ನು ಕಲಿಸಿದವರು ನನ್ನ ಮುಂದೆ ಸೋಪು ಹಿಡಿದು ನಿಂತಿದ್ದಾರೆ.

"ನನ್ನ ಬೈಕು ತಗೊಳ್ಳಿ," ಎನ್ನುತ್ತೇನೆ, ಎನ್ನುತ್ತಲೇ ಅದು ಮನೆಯಲ್ಲಿ ಸತ್ತು ಬಿದ್ದಿರುವುದು ನೆನಪಾಗುತ್ತದೆ.

"ನಿಂದು ಇಗರ್ಜಿ ಗುಡ್ಡದ ಮೇಲಿದೆ. ಹೋಗಿ ನಾಗವೇಣಿಬಾಯಿನ ಎಬ್ಬಿಸಿ, ಅವಳು ತೆಗೆದು, ಅಲ್ಲಿಂದ ಇಳಿದು ಬರೋ ಹೊತ್ತಿಗೆ ತಡ ಆಗುತ್ತೆ," ಎಂದು ಕಿತೇರಿಬಾಯಿ ಪಾನಾದ ಚೀಲ ಎತ್ತಿಕೊಳ್ಳುತ್ತಾರೆ. "ಈ ಸ್ಕೂಟರಿನ ಟ್ಯಾಂಕು ಬಿಚ್ಚಿಟ್ಟಿದೀನಿ, ಉಳಿದ ಗಾಡಿಗಳೆಲ್ಲ ದಕ್ಕೆಗೆ ಹೋಗಿವೆ. ಇದನ್ನೇ ಎಬ್ಬಿಸ್ಬೇಕು. ನಡಿ."

ಅವಳು ತೆಗೆದು! ನಾಗವೇಣಿ ತೆಗೆದು! ನಾನು ಗರ ಬಡಿದವನಂತೆ ಅವರ ಹಿಂದೆ ಓಡುತ್ತೇನೆ.

ಬೊಸ್ತ್ಯಾಂವ್ ಜಗಲಿಯ ಕಲ್ಲಿನ ಆಸನದ ಮೇಲೆ ಮಲಗಿದ್ದಾನೆ. ಬಲಗಾಲು ಹಿಮ್ಮಡಿಯಿಂದ ಮೇಲಕ್ಕೆ ಊದಿಕೊಂಡಿದೆ. ಹಣೆಯ ತುಂಬ ಬೆವರು. ಅವನ ತಲೆಯ ಹತ್ತಿರ ತಾಯಿ ಕೊನ್ಸು ಮಾಂಯ್ ಜಪಸರ ಹಿಡಿದು ಕೂತಿದ್ದಾರೆ. ತುಟಿ ಅಲ್ಲಾಡುತ್ತಿದೆ, ಸ್ವರ ಹೊರಡುತ್ತಿಲ್ಲ. ಈ ಮುದುಕಿಗೆ ಭಾನುವಾರದ ಪಾಠ ಎಂದರೆ ಮೊದಲಿನಿಂದಲೂ ಆಗದು. ಹೆಂಗಸರ ಕೈಗೆ ಗ್ರೀಸು ಮೆತ್ತುವ ಕಾಲ ಬಂತೇ ಎಂದು ಬಾಗಿಲಲ್ಲಿ ನಿಂತು ಹಂಗಿಸುವವರು.

ಅಂಗಳದಲ್ಲಿ ಬೈಕು ನಿಂತಿದೆ. ಕಿತೇರಿಬಾಯಿ ಮಂಡಿಯೂರುತ್ತಾರೆ. ಅವರ ದನಿ ಭಾನುವಾರದ ದನಿಯಂತೆಯೇ ಇದೆ. ನನಗೆ ಅದೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ.

"ಊಟ," ಎಂದು ಪೆಟ್ರೋಲ್ ನಳಿಗೆ ಕೀಳುತ್ತಾರೆ. ಪೆಟ್ರೋಲು ಧಾರಾಳವಾಗಿ ಸುರಿಯುತ್ತದೆ. "ಊಟ ಇದೆ. ಕಿಡಿ." ಪ್ಲಗ್ಗು ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿ ಹಿಡಿಯುತ್ತಾರೆ. "ಹೊಡಿ." ಅಪೊಲಿನ್ ಕಿಕ್ ಹೊಡೆಯುತ್ತಾಳೆ. ನೀಲಿ ಕಿಡಿ ಚಟ್ಟೆನ್ನುತ್ತದೆ. "ಕಿಡಿ ಇದೆ." ಪ್ಲಗ್ಗು ವಾಪಸು ಹಾಕಿ, ಗಾಳಿ ಎಳೆಯುವ ಡಬ್ಬಿಯ ಮುಚ್ಚಳ ತೆಗೆದು ಬೆರಳಾಡಿಸುತ್ತಾರೆ. ಏನೂ ಇಲ್ಲ. "ಮತ್ತೆ ಹೊಡಿ." ಕಿಕ್ಕು ಅಪೊಲಿನ್‌ಳ ಕಾಲನ್ನೇ ಹಿಂದಕ್ಕೆ ತಳ್ಳುತ್ತದೆ. ಇಂಜಿನ್ನು ಒಮ್ಮೆ ಬಿಕ್ಕಿ ಸುಮ್ಮನಾಗುತ್ತದೆ.

"ಉಸಿರು ಒಳಗೆ ಹೋಗ್ತಿದೆ," ಎನ್ನುತ್ತಾರೆ ಕಿತೇರಿಬಾಯಿ. "ಹೊರಗೆ ಬರ್ತಿಲ್ಲ."

ಅವರು ಗಾಡಿಯನ್ನು ಬಿಟ್ಟು ಜಗಲಿಯ ಕಡೆ ನೋಡುತ್ತಾರೆ. ಕೊನ್ಸು ಮಾಂಯ್‌ರ ತುಟಿ ನಿಂತುಹೋಗಿದೆ.

"ಮಾಂಯ್," ಎಂದು ಕಿತೇರಿಬಾಯಿ ಮೆಲ್ಲಗೆ ಕರೆಯುತ್ತಾರೆ. "ನೀವಾ?"

ಮುದುಕಿಯ ಬಾಯಿ ತೆರೆಯುತ್ತದೆ, ನಾಲಿಗೆ ಹೊರಳುವುದಿಲ್ಲ. ಜಪಸರ ಹಿಡಿದ ಕೈ ಮೇಲೇಳುತ್ತದೆ. ಸರದ ತುದಿಯ ಶಿಲುಬೆ ತೂಗಾಡುತ್ತ ಬೈಕಿನ ಹಿಂಭಾಗವನ್ನು ತೋರಿಸುತ್ತದೆ.

ಕಿತೇರಿಬಾಯಿ ಸೈಲೆನ್ಸರಿನ ಬಾಯಿಗೆ ಬೆರಳು ಹಾಕುತ್ತಾರೆ. ಸಿಕ್ಕುವುದಿಲ್ಲ. ತಂತಿಯೊಂದನ್ನು ಕೊಕ್ಕೆ ಮಾಡಿ ಒಳಗೆ ತೂರಿಸಿ, ಕಾಲು ಕೊಟ್ಟು ಎಳೆಯುತ್ತಾರೆ. ಮಸಿ ಮೆತ್ತಿದ ತೆಂಗಿನ ಸಿಪ್ಪೆಯ ಮುದ್ದೆಯೊಂದು ಹೊರಗೆ ಬಂದು ಅಂಗಳದಲ್ಲಿ ಬೀಳುತ್ತದೆ. ಅಪೊಲಿನ್ ಅದನ್ನು ನೋಡುತ್ತಾಳೆ, ಅತ್ತೆಯನ್ನು ನೋಡುತ್ತಾಳೆ. ಸೊಸೆಗೆ ಗೊತ್ತಾಗದಂತೆ ಅತ್ತೆ, ಅತ್ತೆಗೆ ಗೊತ್ತಾಗದಂತೆ ಸೊಸೆ, ಒಂದೇ ಸಂಜೆ ಒಂದೇ ಗಾಡಿಯನ್ನು ಕೆಡಿಸಿದ್ದಾರೆ. ಎಲ್ಲರಿಗಿಂತ ಮೊದಲು ಎದ್ದು ಸಿಪ್ಪೆ ತೆಗೆದಿಡುವುದು ಮುದುಕಿಯ ರೂಢಿ. ಈ ಬೆಳಿಗ್ಗೆ ತೆಗೆಯುವ ಮೊದಲೇ ಮಗ ಕಾಲೆಳೆಯುತ್ತ ಅಂಗಳಕ್ಕೆ ಬಂದ. ದಿಗಿಲಿಗೆ ಅವರ ಬಾಯಿಯೇ ಕಟ್ಟಿಹೋಯಿತು.

ಜಗಲಿಯಿಂದ ಬೊಸ್ತ್ಯಾಂವ್‌ನ ಕ್ಷೀಣ ಸ್ವರ ಬರುತ್ತದೆ. "ಮಾಂಯ್... ನೀನೂನಾ?"

ಅಪೊಲಿನ್ ಕಿಕ್ ಹೊಡೆಯುತ್ತಾಳೆ. ಕಪ್ಪು ಹೊಗೆ ಕಾರಿ ಬೈಕು ಎದ್ದು ನಿಲ್ಲುತ್ತದೆ. ಆ ಶಬ್ದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆ ಇಲ್ಲ. ಬೊಸ್ತ್ಯಾಂವ್‌ನನ್ನು ಎತ್ತಿ ನಡುವೆ ಕೂರಿಸುತ್ತೇವೆ. ಅವನು ಜಾರದಂತೆ ಹೆಂಡತಿಯ ಬೆನ್ನಿಗೆ ಸೇರಿಸಿ ಹಾಸಿಗೆಯ ಬಟ್ಟೆಯಿಂದ ಕಟ್ಟುತ್ತೇವೆ. ಹಿಂದೆ ಕಿತೇರಿಬಾಯಿ ಅವನನ್ನು ತಬ್ಬಿ ಹಿಡಿದು ಕೂರುತ್ತಾರೆ.

"ಕಾಲು ಅಲ್ಲಾಡಿಸ್ಬೇಡ. ಮಾತಾಡ್ತಾ ಇರು. ಬೈಯೋದಿದ್ರೆ ಬೈತಾ ಇರು," ಎಂದು ಅವರು ಅವನ ಕಿವಿಯಲ್ಲಿ ಹೇಳುವುದು ಕೇಳುತ್ತದೆ.

ಬೈಕು ಏರಿ ಹತ್ತುತ್ತದೆ. ಕೊಚ್ಚಿಹೋದ ಜಾಗದಲ್ಲಿ ಅಪೊಲಿನ್ ನಿಧಾನ ಮಾಡುತ್ತಾಳೆ. ಮೂವರ ಭಾರಕ್ಕೆ ಮಣ್ಣಿನ ಹೆಂಟೆಯೊಂದು ಕಳಚಿ ನೀರಿಗೆ ಬೀಳುವುದು ಇಲ್ಲಿಂದಲೇ ಕಾಣುತ್ತದೆ. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ತೆರೆದಾಗ ಅವರು ದಾಟಿರುತ್ತಾರೆ.

ಆಮೇಲಿನದು ಕಾಯುವ ಕೆಲಸ. ಜಗಲಿಯ ಮೇಲೆ ನಾನು, ಕೊನ್ಸು ಮಾಂಯ್, ಕೆಳಗೆ ಅಂಗಳದಲ್ಲಿ ಆ ಸಿಪ್ಪೆಯ ಮುದ್ದೆ. ಮುದುಕಿಗೆ ಬಹಳ ಹೊತ್ತಿನ ಮೇಲೆ ಸ್ವರ ಬರುತ್ತದೆ.

"ಇವರೆಲ್ಲ ಕಿತೇರಿ ಕಲಿಸಿದ ವಿದ್ಯೆ ಅಂದ್ಕೊಂಡಿದಾರೆ. ಬೊಸ್ತ್ಯಾಂವ್‌ನ ಅಪ್ಪ ಈ ಊರಿಗೆ ಮೊದಲನೇ ಮೋಟರ್‌ಸೈಕಲ್ ತಂದವನು. ಅವತ್ತಿನಿಂದ ನಾನು ಸಿಪ್ಪೆ ತುರುಕ್ತಾ ಇದೀನಿ. ಯಾರು ಕಲಿಸಿದ್ರು ನಂಗೆ? ಕೊಳಲಿನ ಬಾಯಿ ಮುಚ್ಚಿದ್ರೆ ಊದೋಕಾಗಲ್ಲ ಅಂತ ಗೊತ್ತಾಗೋಕೆ ಪಾಠ ಬೇಕಾ?"

"ಅವರಿಗೆ ಗೊತ್ತಾಗ್ಲಿಲ್ವಾ ಮಾಂಯ್?"

"ಒದ್ದು ಒದ್ದು ಸಾಕಾಗಿ ಒಂದು ದಿನ 'ಉಪ್ಪುಗಾಳಿ ಕಣೇ ಕೊನ್ಸು' ಅಂದ. ನಡ್ಕೊಂಡೇ ಹೋದ. ಆಮೇಲೆ ಪ್ರತಿ ಸಲ ಅದನ್ನೇ ಅಂತಿದ್ದ. ಅವನಿಗೆ ಗೊತ್ತಿತ್ತೋ ಇಲ್ವೋ, ನಾನು ಕೇಳ್ಲಿಲ್ಲ. ಹಾಸಿಗೆ ಮೇಲೇ ಪ್ರಾಣ ಬಿಟ್ಟ, ಮುದುಕನಾಗಿ."

ಅಂದರೆ ನಾವು ಇಷ್ಟು ಕಾಲ ನಂಬಿದ್ದ, ನಾನು ಲವಣ ಸೇರಿಸಿ ಪಾಠ ಹೇಳಿದ್ದ ಆ ಉಪ್ಪುಗಾಳಿ ಬೀಸಿದ್ದೇ ಈ ಮನೆಯಿಂದ. ನಾನು ತಲೆಯ ಮೇಲೆ ಕೈ ಹೊತ್ತು ಕೂತುಬಿಡುತ್ತೇನೆ.

"ಈಗ ನನ್ನ ಮಗನ್ನ ನಾನೇ ಕೊಂದೆನಾ ಬಾಬ್?" ಎಂದು ಮುದುಕಿ ಕೇಳುತ್ತಾರೆ.

ಬಿಸಿಲೇರಿದ ಮೇಲೆ ಫೋನು ಬರುತ್ತದೆ. ಅಪೊಲಿನ್‌ಳ ದನಿ ಒಡೆದುಹೋಗಿದೆ. ಮದ್ದು ಏರಿಸಿದ್ದಾರೆ, ಉಳಿಯುತ್ತಾನಂತೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತಂತೆ. ಫೋನಿಡುವ ಮೊದಲು ಅತ್ತೆಗೊಂದು ಮಾತು ಹೇಳುತ್ತಾಳೆ: "ಮಾಂಯ್‌ಗೆ ಗಂಜಿ ಕುಡೀಲಿಕ್ಕೆ ಹೇಳಿ." ಕೊನ್ಸು ಮಾಂಯ್ ಅದನ್ನು ಕೇಳಿ ಸೆರಗಿಲ್ಲದ ಫ್ರಾಕಿನ ತೋಳಿಗೆ ಮುಖ ಒರೆಸಿಕೊಳ್ಳುತ್ತಾರೆ.

ನಾನು ಗುಡ್ಡ ಹತ್ತಿ ಮನೆಗೆ ಹೋಗುತ್ತೇನೆ. ನನ್ನ ಬೈಕು ಅಂಗಳದಲ್ಲಿ ಗುಡುಗುಡು ಎನ್ನುತ್ತಿದೆ. ಸುದ್ದಿ ನನಗಿಂತ ಮೊದಲು ಗುಡ್ಡ ಹತ್ತಿದೆ. ನಾಗವೇಣಿ ಕೈ ಒರೆಸಿಕೊಳ್ಳುತ್ತಿದ್ದಾಳೆ.

"ನೀನೂ?" ಎನ್ನುತ್ತೇನೆ. ಬೊಸ್ತ್ಯಾಂವ್ ಹೇಗೆ ಅಂದನೋ ಹಾಗೆಯೇ.

"ಬೊಸ್ತ್ಯಾಂವ್ ಉಳಿದ್ನಲ್ಲ, ದೇವರು ದೊಡ್ಡವನು," ಎನ್ನುತ್ತಾಳೆ ಅವಳು, ನನ್ನ ಪ್ರಶ್ನೆ ಕೇಳಿಸದವಳಂತೆ. ಆಮೇಲೆ ಗಾಳಿ ಎಳೆಯುವ ಬಾಯಿಗೆ ತುರುಕಿದ್ದ ಕಾಗದದ ಉಂಡೆ ನನ್ನ ಕೈಗೆ ಕೊಡುತ್ತಾಳೆ. ಬಿಡಿಸಿ ನೋಡಿದರೆ ಹೋದ ತಿಂಗಳ ನನ್ನದೇ ಲೇಖನ.

"ನನ್ನ ಲೇಖನವನ್ನೇ ತುರುಕ್ಬೇಕಾ?"

"ಅದಕ್ಕಾದ್ರೂ ಬಂತಲ್ಲ. ಅಲ್ರೀ, ಉಪ್ಪುಗಾಳಿ ಅಂತ ಊರಿಗೆಲ್ಲ ಪಾಠ ಹೇಳಿದ್ರಲ್ಲ, ನಾವು ಶೆಡ್ಡಲ್ಲಿ ಎಷ್ಟು ನಕ್ಕಿದೀವಿ ಗೊತ್ತಾ? ಕಿತೇರಿಬಾಯಿಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು."

ನಗುವುದೋ ಅಳುವುದೋ ತಿಳಿಯದೆ ಆ ದಿನವೆಲ್ಲ ಬಾಯಿ ತೆರೆದುಕೊಂಡೇ ಓಡಾಡಿದೆ. ದಕ್ಕೆಯಿಂದ ಬಂದ ಗಂಡಸರ ಸ್ಥಿತಿಯೂ ಅದೇ. ಏರಿಯ ಮೇಲೆ ಗುಂಪುಗುಂಪಾಗಿ ನಿಂತು ತಮ್ಮ ತಮ್ಮ ಮನೆಯನ್ನು ಬೇರೆ ಯಾರದೋ ಮನೆ ನೋಡುವಂತೆ ನೋಡುತ್ತಿದ್ದರು. ಗೋಣಿಚೀಲ ಹೊದಿಸುತ್ತಿದ್ದವನು ಅದನ್ನು ಕೈಯಲ್ಲಿ ಹಿಡಿದೇ ನಿಂತಿದ್ದ. ಸಂಜೆಯ ಹೊತ್ತಿಗೆ ದಿಗಿಲು ಸಿಟ್ಟಾಯಿತು. ಒಬ್ಬ ಹೆಂಡತಿಯ ಸ್ಕ್ರೂಡ್ರೈವರನ್ನು ನದಿಗೆ ಎಸೆದ. "ಆ ಮುದುಕಿಯಿಂದ ಒಂದು ಹೆಣ ಬೀಳ್ತಿತ್ತು," ಎಂದು ಇನ್ನೊಬ್ಬ ಶೆಡ್ಡಿಗೆ ಕೇಳುವಂತೆಯೇ ಕೂಗಿದ. ಶೆಡ್ಡನ್ನು ಮುಚ್ಚಿಸಬೇಕು ಎಂದವರಿದ್ದರು. ಅವರು ಕಷ್ಟಪಡಬೇಕಾಗಲಿಲ್ಲ. ಆಸ್ಪತ್ರೆಯಿಂದ ಬಂದ ಕಿತೇರಿಬಾಯಿ ತಾವೇ ತಗಡಿನ ಬಾಗಿಲು ಎಳೆದು ಬೀಗ ಹಾಕಿದ್ದರು.

ನಾನು ಹಿಂಬಾಗಿಲಿಂದ ಹೋದಾಗ ಅವರು ಒಲೆಯ ಮುಂದೆ ಸುಮ್ಮನೆ ಕೂತಿದ್ದಾರೆ. ಒಲೆ ಹೊತ್ತಿಲ್ಲ.

"ಹೊರಗೆ ಕೂಗಿದವನು ಹೇಳಿದ್ದು ಸರಿ ಬಾಬ್. ಗಂಡನ್ನ ಗಾಡಿ ಎಬ್ಬಿಸಿ ಕೊಂದೆ. ಬೊಸ್ತ್ಯಾಂವ್‌ನನ್ನ ಗಾಡಿ ಏಳದ ಹಾಗೆ ಮಾಡಿ ಕೊಲ್ತಿದ್ದೆ. ಎರಡಕ್ಕೂ ನಂದೇ ಕೈ. ಇನ್ನು ಕಲಿಸಲ್ಲ."

"ಎಷ್ಟು ಜನ ಏರಿಯಿಂದ ಬೀಳದೆ ಉಳಿದಿದಾರೆ, ಅದನ್ನ ಲೆಕ್ಕ ಹಿಡೀರಿ," ಎಂದೆ.

"ಬೀಳದವನು ಬಂದು ನಾನು ಬೀಳ್ಲಿಲ್ಲ ಅಂತ ಹೇಳ್ತಾನಾ? ಯಾರಿಗೆ ಗೊತ್ತಾಗುತ್ತೆ?"

ಎರಡು ಭಾನುವಾರ ಶೆಡ್ಡು ತೆರೆಯಲಿಲ್ಲ. ಊರಿನ ಗಾಡಿಗಳು ಸಂಜೆಯೂ ಒಂದೇ ಒದೆತಕ್ಕೆ ಏಳತೊಡಗಿದವು. ಗಂಡಸರು ಹಟಕ್ಕೆ ಬಿದ್ದವರಂತೆ ಗಾಡಿಯಲ್ಲೇ ಫೆನಿಯಂಗಡಿಗೆ ಹೋದರು, ಗಾಡಿಯಲ್ಲೇ ವಾಪಸು ಬಂದರು. ಒಬ್ಬ ಕೊಚ್ಚಿಹೋದ ಜಾಗದಲ್ಲಿ ಗದ್ದೆಯ ಕಡೆಗೆ ಬಿದ್ದು ಕೈ ಮುರಿದುಕೊಂಡ. ನದಿಯ ಕಡೆಗೆ ಬಿದ್ದಿದ್ದರೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಬೊಸ್ತ್ಯಾಂವ್ ಮನೆಗೆ ಬಂದ ದಿನ ಊರೆಲ್ಲ ಅವನ ಬಾಯಿಯನ್ನೇ ನೋಡುತ್ತಿತ್ತು. ಸಾವಿನ ಬಾಗಿಲು ತಟ್ಟಿ ಬಂದವನು. ಕಿತೇರಿಬಾಯಿಯನ್ನು ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗೆ. ಅವನು ಕೋಲೂರಿಕೊಂಡು ಬಂದು ಶೆಡ್ಡಿನ ತಗಡು ತಟ್ಟುತ್ತಾನೆ.

"ಕಿತೇರಿಬಾಯ್, ಬಾಗ್ಲು ತೆಗಿ. ನಂಗೂ ಕಲಿಸು."

ಒಳಗಿನಿಂದ ಉತ್ತರ ಬರುತ್ತದೆ. "ಯಾಕೆ? ಹೆಂಡ್ತಿ ಕೈಲಿರೋದನ್ನ ಕಿತ್ಕೊಳ್ಳೋಕಾ?"

"ನಾಳೆ ಮಾಂಯ್‌ಗೆ ಹಾವು ಕಚ್ಚಿದ್ರೆ? ಇವಳು ಮನೇಲಿ ಇಲ್ದೇ ಹೋದ್ರೆ? ನಾನೇನು ಗಾಡಿ ಮುಂದೆ ನಿಂತು ಜಪ ಮಾಡ್ಲಾ?"

ಬಾಗಿಲು ತೆರೆಯುತ್ತದೆ. ಆ ಮಧ್ಯಾಹ್ನ ಬೊಸ್ತ್ಯಾಂವ್ ಊದಿದ ಕಾಲು ಚಾಚಿ ಕೂತು ಊಟ, ಕಿಡಿ, ಉಸಿರು ಮೂರನ್ನೂ ಕಲಿಯುತ್ತಾನೆ. ರಬ್ಬರ್ ತುಂಡು ಎಲ್ಲಿ ಕೂರುತ್ತದೆ, ಕಾಗದದ ಉಂಡೆ ಎಲ್ಲಿ ಅಡಗುತ್ತದೆ, ಸಿಪ್ಪೆ ಎಷ್ಟು ಒಳಗೆ ಹೋಗುತ್ತದೆ, ಕಿತೇರಿಬಾಯಿ ಏನನ್ನೂ ಮುಚ್ಚಿಡುವುದಿಲ್ಲ. ಹೆಂಗಸರೂ ಬಂದು ಸೇರುತ್ತಾರೆ. ಹೊಸ ಕಟ್ಟಳೆಯೊಂದು ಆಗುತ್ತದೆ. ಗಾಡಿಗೆ ಯಾರು ಕೈ ಹಾಕಿದರೂ ತಮ್ಮ ಫ್ರಾಕಿನದೋ ಸೀರೆಯದೋ ಒಂದು ಚಿಂದಿಯನ್ನು ಹ್ಯಾಂಡಲ್ಲಿಗೆ ಕಟ್ಟಬೇಕು. ಆಪತ್ತು ಬಂದರೆ ಯಾರ ಕೈವಾಡ ಎಂದು ಹುಡುಕುವಂತಾಗಬಾರದು. ಒಂದು ಚಿಂದಿ ಇರುವ ಗಾಡಿಯನ್ನು ಇನ್ನೊಬ್ಬರು ಮುಟ್ಟಬಾರದು.

"ಶನಿವಾರ ನಂದು," ಎಂದು ಕೊನ್ಸು ಮಾಂಯ್ ಬಾಗಿಲಿನಿಂದಲೇ ಹೇಳುತ್ತಾರೆ. "ಫುಟ್ಬಾಲು ದಿನ ಸೊಸೇದು."

"ಚಿಂದಿ ಕಣ್ಣಿಗೆ ಕಂಡ ಮೇಲೆ ಗಂಡಸರು ಬಿಡ್ತಾರಾ?" ಎಂದು ನಾಗವೇಣಿ ಕೇಳುತ್ತಾಳೆ. "ಎಲ್ಲಾ ಕಲಿತೂ ಆಯ್ತು. ತೆಗೆದು ಎಸೆದು ಹೋಗ್ತಾರೆ."

ಕಿತೇರಿಬಾಯಿಗೂ ಅದೇ ಭಯ.

ಈ ಲೇಖನ ಬರೆಯುತ್ತಿರುವುದು ಶನಿವಾರ ಸಂಜೆ, ಅವರ ಶೆಡ್ಡಿನಲ್ಲೇ ಕೂತು. ಗಂಟೆ ಹೊಡೆದಿದೆ. ಕಿತೇರಿಬಾಯಿ ಪಾನಾಗಳನ್ನು ಒರೆಸಿ ಚೀಲಕ್ಕೆ ಹಾಕುತ್ತ ಬೊಸ್ತ್ಯಾಂವ್‌ನ ಅಂಗಳದ ಕಡೆಗೇ ನೋಡುತ್ತಿದ್ದಾರೆ. ಏರಿಯ ಮೇಲೆ ಗಂಡಸರು ನಿಂತಿದ್ದಾರೆ. ಅವರೂ ಅತ್ತಲೇ ನೋಡುತ್ತಿದ್ದಾರೆ.

ಬೊಸ್ತ್ಯಾಂವ್ ಇಸ್ತ್ರಿ ಅಂಗಿ ಹಾಕಿ ಹೊರಗೆ ಬರುತ್ತಾನೆ. ಕೋಲು ಇಲ್ಲ, ಸ್ವಲ್ಪ ಕುಂಟು. ಬೈಕಿನ ಮೇಲೆ ಕೂತು ಕಿಕ್ ಹೊಡೆಯುತ್ತಾನೆ. ಏಳುವುದಿಲ್ಲ. ಮತ್ತೊಂದು ಹೊಡೆಯುತ್ತಾನೆ. ಇಂಜಿನ್ನು ಬಿಕ್ಕಿ ಸುಮ್ಮನಾಗುತ್ತದೆ. ಅವನು ಇಳಿಯುತ್ತಾನೆ. ಹ್ಯಾಂಡಲ್ಲಿಗೆ ಕಟ್ಟಿದ ಕಪ್ಪು ಚಿಂದಿ, ತಾಯಿಯ ವಿಧವೆಯ ಬಟ್ಟೆಯದು, ಅವನ ಕಣ್ಣಿಗೆ ಬೀಳುತ್ತದೆ. ಬೆರಳಿನಿಂದ ಅದನ್ನೊಮ್ಮೆ ಮುಟ್ಟುತ್ತಾನೆ. ಬೈಕಿನ ಹಿಂದಕ್ಕೆ ಹೋಗುತ್ತಾನೆ. ಸೈಲೆನ್ಸರಿನ ಮುಂದೆ ಬಗ್ಗುತ್ತಾನೆ. ನನ್ನ ಪಕ್ಕದಲ್ಲಿ ಕಿತೇರಿಬಾಯಿಯ ಕೈಯಲ್ಲಿದ್ದ ಪಾನಾ ನಿಂತುಹೋಗುತ್ತದೆ.

ಬೊಸ್ತ್ಯಾಂವ್ ಬಗ್ಗಿ, ಪ್ಯಾಂಟಿನ ಅಂಚಿಗೆ ಅಂಟಿದ ಹುಲ್ಲನ್ನು ಕೊಡವಿ, ನೆಟ್ಟಗಾಗುತ್ತಾನೆ. ಏರಿಯ ಮೇಲಿದ್ದವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾನೆ.

"ಥತ್! ಉಪ್ಪುಗಾಳಿ ಮಾರಾಯ್ರೇ. ನಡೀರಿ, ನಡ್ಕೊಂಡೇ ಹೋಗೋಣ."

ಏರಿಯ ಮೇಲಿಂದ ಗೋಣಿಚೀಲದವನು, "ಹೌದು ಹೌದು, ಇವತ್ತು ಜಾಸ್ತಿನೇ ಇದೆ," ಎನ್ನುತ್ತಾನೆ. ಒಬ್ಬೊಬ್ಬರಾಗಿ ಗಾಡಿಗಳನ್ನು ಬಿಟ್ಟು ಹೊರಡುತ್ತಾರೆ. ಕುಂಟುವ ಬೊಸ್ತ್ಯಾಂವ್‌ಗೆ ಯಾರೋ ಹೆಗಲು ಕೊಡುತ್ತಾರೆ.

ಅವರು ಕೊಚ್ಚಿಹೋದ ಜಾಗವನ್ನು ದಾಟುವವರೆಗೂ ಕಿತೇರಿಬಾಯಿ ನೋಡುತ್ತ ನಿಲ್ಲುತ್ತಾರೆ. ಆಮೇಲೆ ಪಾನಾವನ್ನು ಚೀಲಕ್ಕೆ ಹಾಕಿ, ಅದರ ಬಾಯಿ ಕಟ್ಟುತ್ತಾರೆ.

"ಕಲಿತ," ಎನ್ನುತ್ತಾರೆ. "ಚೆನ್ನಾಗಿ ಕಲಿತ ಬಾಬ್."